ನಮ್ಮ ಗ್ರಂಥಾಲಯದ ಕೋಹಾ ಕ್ಲೌಡ್‌ಗೆ ಹೋಗಿ ಮೂರು ವರ್ಷ

ಮಂಡ್ಯದ ಪದವಿ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕಿ. ಇಪ್ಪತ್ತೆರಡು ಸಾವಿರ ಪುಸ್ತಕ, ಒಬ್ಬ ಸಹಾಯಕರು. 2016ರಿಂದ, ಪುಸ್ತಕಗಳ ಪಟ್ಟಿ ಮತ್ತು ಎರವಲಿನ ಲೆಕ್ಕ ಇಡುವ ಕೋಹಾ ತಂತ್ರಾಂಶವನ್ನು ಕೌಂಟರ್ ಮೇಜಿನ ಕೆಳಗಿನ ಕಂಪ್ಯೂಟರಿನಲ್ಲೇ ನಡೆಸುತ್ತಿದ್ದೆವು. 2022ರ ಬೇಸಿಗೆ ರಜೆಯಲ್ಲಿ ವಾರ್ಷಿಕ ಚಂದಾ ಕಟ್ಟಿ, ಇಂಟರ್ನೆಟ್ ಮೂಲಕ ಬಳಸುವ ಬೇರೆಯವರ ಕಂಪ್ಯೂಟರಿಗೆ, ಅಂದರೆ ಕ್ಲೌಡ್‌ಗೆ ಸಾಗಿಸಿದೆವು. ಸೇವೆ ಕೊಡುವ ಸಂಸ್ಥೆಯ ಹೆಸರು ಹೇಳುವುದಿಲ್ಲ. ದೂರುವುದೂ ಇದೆ, ಹೊಗಳುವುದೂ ಇದೆ.

ಸಾಗಿಸಿದ್ದು ಆಸೆಯಿಂದಲ್ಲ. ಆ ಕಂಪ್ಯೂಟರನ್ನು ನಡೆಸುತ್ತಿದ್ದ ಮೂಲ ತಂತ್ರಾಂಶ ಉಬುಂಟು 16.04ಕ್ಕೆ ಸಾಮಾನ್ಯ ಭದ್ರತಾ ಪರಿಷ್ಕರಣೆ 2021ರ ಏಪ್ರಿಲ್‌ಗೆ ನಿಂತಿತ್ತು. ಅದನ್ನು ಹಾಕಿಕೊಟ್ಟ ನಮ್ಮ ಹಳೆಯ ವಿದ್ಯಾರ್ಥಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದ. ಕರೆಂಟ್ ಹೋಗಿ ಬಂದು ಡೇಟಾಬೇಸ್ ಏಳದಿದ್ದಾಗಲೆಲ್ಲ ಅವನಿಗೇ ಫೋನ್ ಮಾಡಬೇಕು, ಅವನೋ ಮೀಟಿಂಗಿನಲ್ಲಿ. ಕೋಹಾ ಎಂದರೆ ನ್ಯೂಜಿಲೆಂಡಿನ ಮಾವೊರಿ ಭಾಷೆಯಲ್ಲಿ ಕೊಡುಗೆ. ತಂತ್ರಾಂಶವೇನೋ ಪುಕ್ಕಟೆ, ನೋಡಿಕೊಳ್ಳುವವರಿಗೆ ಕೂಲಿ ಕೊಡಬೇಕು ಎಂದು ಆಡಳಿತ ಮಂಡಳಿಗೆ ಒಪ್ಪಿಸಲು ಎರಡು ಸಭೆ ಹಿಡಿಯಿತು. ಮೊದಲ ವರ್ಷದ ಲೆಕ್ಕ ತಪಾಸಣೆಗೆ ಬಂದವರು, ಹಣ ಕೊಟ್ಟು ತಂದದ್ದು ದಾಸ್ತಾನು ಪುಸ್ತಕದ ಯಾವ ಪುಟದಲ್ಲಿದೆ ಎಂದು ಕೇಳಿದರು. ತಂದದ್ದು ಏನೂ ಇಲ್ಲ ಸಾರ್, ಬಾಡಿಗೆ ಎಂದೆ. ಕಟ್ಟಡ ಎಲ್ಲಿದೆ ಎಂದರು!

ನಿಜವಾದ ಕಥೆ ಇರುವುದು ಕನ್ನಡ ಪುಸ್ತಕಗಳಲ್ಲಿ. ಏಳು ಸಾವಿರದಷ್ಟು ಶೀರ್ಷಿಕೆಗಳನ್ನು ಹಿಂದಿನವರು ಎಲ್ಲ ಸಾಧನಗಳಿಗೂ ಒಂದೇ ಆದ ಯೂನಿಕೋಡ್ ಅಕ್ಷರಸಂಕೇತದಲ್ಲಿ ಅಲ್ಲ, ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ್ದರು. ಗ್ರಂಥಾಲಯದ ಎರಡು ಕಂಪ್ಯೂಟರುಗಳಲ್ಲಿ ಆ ಫಾಂಟ್ ಇದ್ದುದರಿಂದ ಅಲ್ಲಿ ಕನ್ನಡವೇ ಕಾಣುತ್ತಿತ್ತು. ಕ್ಲೌಡ್‌ಗೆ ಹೋದ ದಿನ ಮೊಬೈಲಿನಲ್ಲಿ ತೆರೆದರೆ, ತಲೆಯ ಮೇಲೆ ಚುಕ್ಕಿ, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಸೇವಾ ಸಂಸ್ಥೆಯವರು ಪರಿವರ್ತಕದಲ್ಲಿ ಹಾಕಿ ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಯೂನಿಕೋಡ್ ಮಾಡಿದರು. ಮರುದಿನ ನಮ್ಮ ಸಹಾಯಕರು ಕೇಳಿದರು: “ಮೇಡಂ, ಸಕ್ಕರೆ ಕಾಖಾರ್ನೆ ಅಂದರೆ ಏನು?”

ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಅದು ತಿರುಗದೆ ಧರ್ಮ ಧಮರ್ ಆಗಿತ್ತು, ಸೂರ್ಯ ಸೂಯರ್ ಆಗಿದ್ದ. ಇವು ಕಣ್ಣಿಗೆ ಬೀಳುವ ತಪ್ಪುಗಳು, ತಿದ್ದಬಹುದು. ಕಾಣದವು ಹೆಚ್ಚು ಕಾಡಿದವು. ‘ದೇ’ ಎಂಬುದನ್ನು ಪರಿವರ್ತಕವು ‘ದೆ’ ಬರೆದು ಪಕ್ಕದಲ್ಲಿ ದೀರ್ಘದ ಗುರುತನ್ನು ಬೇರೆಯಾಗಿ ಅಂಟಿಸಿತ್ತು. ಪರದೆಯ ಮೇಲೆ ಎರಡೂ ಒಂದೇ. ಹುಡುಕಿದರೆ ದೇವರೂ ಇಲ್ಲ, ದೇಶವೂ ಇಲ್ಲ. ರಾಜ್‌ಕುಮಾರ್ ಎಂಬ ಹೆಸರಿನ ನಡುವೆ ಕಾಣದ ಜೋಡಣೆ ತಡೆಯುವ ಸಂಕೇತ ಕೆಲವು ಕಡೆ ಇತ್ತು, ಕೆಲವು ಕಡೆ ಇರಲಿಲ್ಲ. ಆ ರಜೆಯಿಡೀ ನಾವಿಬ್ಬರೂ ಬಂದ ಪುಸ್ತಕಗಳನ್ನೆಲ್ಲ ಬರೆದಿಡುವ ಪರಿಗ್ರಹಣ ವಹಿಯನ್ನು ಪಕ್ಕದಲ್ಲಿಟ್ಟುಕೊಂಡು ಶೀರ್ಷಿಕೆ ಶೀರ್ಷಿಕೆಯನ್ನೂ ತಾಳೆ ನೋಡಿದೆವು. ಮುಗಿಯುವಾಗ ದಸರಾ.

ಈ ಕೆಲಸವನ್ನು ಹಳೆಯ ಕಂಪ್ಯೂಟರಿನಲ್ಲೂ ಮಾಡಬಹುದಿತ್ತು, ಮಾಡುತ್ತಿರಲಿಲ್ಲ. 1933ರಲ್ಲಿ ಶುರುವಾದ ನಮ್ಮೂರ ಸಕ್ಕರೆ ಕಾರ್ಖಾನೆಯ ಬಗ್ಗೆ ಪ್ರಬಂಧ ಬರೆಯಬೇಕಿದ್ದ ಹುಡುಗಿಯೊಬ್ಬಳು ಕೆ.ಆರ್. ಪೇಟೆಯ ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ಹುಡುಕಿ, ನಾಲ್ಕು ಪುಸ್ತಕಗಳು ಕಪಾಟಿನಲ್ಲಿ ಎಲ್ಲಿವೆ ಎಂದು ಹೇಳುವ ಕರೆಸಂಖ್ಯೆ ಬರೆದುಕೊಂಡು ಬಸ್ಸು ಹತ್ತಿ ಬಂದಳು. ಅವುಗಳಲ್ಲಿ ಎರಡು ನಮ್ಮಲ್ಲಿವೆ ಎಂದು ನನಗೇ ಗೊತ್ತಿರಲಿಲ್ಲ.

ಇನ್ನು ದೂರು. ರಸ್ತೆ ಅಗೆದು ಕೇಬಲ್ ತುಂಡಾದ ದಿನ ಕೌಂಟರ್ ನಿಲ್ಲುತ್ತದೆ. ಹಿಂದೆ ಇಂಟರ್ನೆಟ್ ಇಲ್ಲದಿದ್ದರೂ ಯುಪಿಎಸ್ ಇದ್ದರೆ ಸಾಕಿತ್ತು. ಈಗ ನನ್ನ ಮೊಬೈಲಿನ ಹಾಟ್‌ಸ್ಪಾಟ್, ಅದೂ ಕೈಕೊಟ್ಟರೆ ನೋಟ್ ಪುಸ್ತಕ. ಒಮ್ಮೆ ಪರೀಕ್ಷೆಯ ವಾರದ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಹೊಸ ಆವೃತ್ತಿ ಹಾಕಿದರು. ಬಾರ್‌ಕೋಡ್ ಚೀಟಿಯ ಅಳತೆ ಕೆಟ್ಟು ಮೂರು ಹಾಳೆ ಸ್ಟಿಕರ್ ಹಾಳಾಯಿತು. ಕೋಹಾದ ದೊಡ್ಡ ಆವೃತ್ತಿಗಳು ಮೇ ಮತ್ತು ನವೆಂಬರಿನಲ್ಲಿ ಬರುತ್ತವೆ. ಅವು ಪ್ರತಿ ಸಲವೂ ನಮ್ಮ ರಜೆಗೆ ಹೊಂದುವುದಿಲ್ಲವಾದ್ದರಿಂದ ದಿನಾಂಕವನ್ನು ನಾವೇ ಹೇಳುತ್ತೇವೆ ಎಂದು ಈಗ ಬರೆಸಿಕೊಂಡಿದ್ದೇವೆ.

ಕಳೆದ ವರ್ಷ ಚಂದಾ ಏರಿಸಿದಾಗ, ನಮ್ಮ ಡೇಟಾಬೇಸಿನ ಪೂರ್ಣ ಪ್ರತಿ ಕೊಡಿ ಎಂದೆ. ಬಂದದ್ದು ಪುಸ್ತಕಗಳ ಎಕ್ಸೆಲ್ ಪಟ್ಟಿ. ಯಾರ ಬಳಿ ಯಾವ ಪುಸ್ತಕವಿದೆ, ಯಾರ ದಂಡ ಎಷ್ಟು ಬಾಕಿ, ಯಾವುದೂ ಅದರಲ್ಲಿ ಇಲ್ಲ. ಮೂರನೆಯ ಪತ್ರಕ್ಕೆ ಪೂರ್ಣ ಪ್ರತಿ ಬಂತು. ಬೆಂಗಳೂರಿನ ಹುಡುಗ ಗೌರಿ ಹಬ್ಬಕ್ಕೆ ಊರಿಗೆ ಬಂದಾಗ ಅದನ್ನು ಮೇಜಿನ ಕೆಳಗಿನ ಹಳೆಯ ಕಂಪ್ಯೂಟರಿನಲ್ಲಿ ಹೊಸ ಉಬುಂಟು ಹಾಕಿ ಇಳಿಸಿದ. ಎರಡು ವರ್ಷದಿಂದ ನನ್ನ ಹೆಸರಿನಲ್ಲೇ ಬಾಕಿ ಇದ್ದ ಪುಸ್ತಕವೂ ಅದರಲ್ಲಿ ಕಂಡಿತು. ನವೀಕರಣದ ಕಡತ ಜೂನ್‌ನಲ್ಲಿ ಪ್ರಾಂಶುಪಾಲರ ಮೇಜಿಗೆ ಹೋಗುತ್ತದೆ. ಪ್ರತಿ ತಿಂಗಳ ಒಂದನೇ ತಾರೀಖು ಪೂರ್ಣ ಪ್ರತಿ ಎಂಬ ಷರತ್ತನ್ನು ಮೊದಲ ಸಾಲಿನಲ್ಲೇ ಬರೆದಿದ್ದೇನೆ.