ಹಿಂದಿನ ಬ್ರೇಕಿನ ಕಡ್ಡಿಗೆ ತಂತಿ ಕಟ್ಟಿಸಿಕೊಂಡು ನಾನು ಪಟ್ಟ ಪಾಡು

ಪಿಕಪ್ ಇಟ್ಟುಕೊಂಡವರು ಒಮ್ಮೆ ಗಾಡಿ ಕೆಳಗೆ ಬಗ್ಗಿ ನೋಡಿ. ಬಹಳ ಗಾಡಿಗಳಲ್ಲಿ ಹಿಂದಿನ ಹೌಸಿಂಗ್‌ನಿಂದ, ಅಂದರೆ ಹಿಂದಿನ ಎರಡು ಚಕ್ರಗಳ ನಡುವಿನ ಆಕ್ಸಲ್ ಕವಚದಿಂದ, ಚಾಸಿ ಕಡೆಗೆ ಒಂದು ಸಣ್ಣ ಕಡ್ಡಿಯೋ ಸ್ಪ್ರಿಂಗೋ ಹೋಗಿರುತ್ತದೆ. ಲೋಡ್‌ಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ವಾಲ್ವ್‌ನ ಕಡ್ಡಿ ಅದು. ಅದಕ್ಕೆ ಯಾರಾದರೂ ಬೈಂಡಿಂಗ್ ವೈರ್ ಬಿಗಿದಿದ್ದರೆ ಇವತ್ತು ಬಾಡಿಗೆಗೆ ಹೋಗಬೇಡಿ.

ನನ್ನದು 2014ರ ಗಾಡಿ. ಆಲ್ದೂರು ಸುತ್ತಮುತ್ತ ಕಾಫಿ, ಮೆಣಸು, ಗೊಬ್ಬರದ ಬಾಡಿಗೆ ಹೊಡೆಯುತ್ತೇನೆ. ಲೋಡ್ ಹಾಕಿದರೆ ಹಿಂದೆ ಕೂತುಬಿಡುತ್ತದೆ ಅಂತ ಗುರುತಿನ ಗ್ಯಾರೇಜಿನಲ್ಲಿ ಎರಡೂ ಕಡೆ ಒಂದೊಂದು ಕಮಾನ್ ಪಟ್ಟಿ (ಲೀಫ್ ಸ್ಪ್ರಿಂಗಿನ ಪಟ್ಟಿ) ಜಾಸ್ತಿ ಹಾಕಿಸಿದೆ. ಗಾಡಿ ಎರಡು ಇಂಚು ಎದ್ದು ನಿಂತಿತು. ನೋಡೋಕೆ ಚೆಂದ. ಪಟ್ಟಿ ಹಾಕಿಸಿದ ಮಾತ್ರಕ್ಕೆ ಆರ್‌ಸಿಯಲ್ಲಿರುವ ತೂಕ ಹೆಚ್ಚಾಗುವುದಿಲ್ಲ, ಅದು ನನ್ನದೇ ದುರಾಸೆ, ಒಪ್ಪಿಕೊಳ್ಳುತ್ತೇನೆ.

ಜನವರಿಯಲ್ಲಿ ಅತ್ತಿಗುಂಡಿ ಮೇಲಿನ ತೋಟದಿಂದ ಕಾಫಿ ಮೂಟೆ ತುಂಬಿಕೊಂಡು ಚಿಕ್ಕಮಗಳೂರಿಗೆ ಕ್ಯೂರಿಂಗ್‌ಗೆ (ಕಾಫಿ ಸಂಸ್ಕರಣೆಗೆ) ಇಳಿಯುತ್ತಿದ್ದೆ. ಕೆಳಗಿನ ಕೈಮರ ಇನ್ನೂ ದೂರವಿತ್ತು. ಮುಂದಿನ ಚಕ್ರದ ಕಡೆಯಿಂದ ಸುಟ್ಟ ವಾಸನೆ ಬಂತು. ಅದಾದ ತಿರುವಿನಲ್ಲಿ ಪೆಡಲ್ ಸುಮ್ನೆ ಒಳಗೆ ಹೋಯಿತು. ಪಂಪ್ ಮಾಡುತ್ತಾ, ಗೇರ್ ಇಳಿಸುತ್ತಾ, ಹ್ಯಾಂಡ್ ಬ್ರೇಕ್ ಎಳೆದು, ಗುಡ್ಡದ ಬದಿಯ ಮಣ್ಣಿಗೆ ಒರಗಿಸಿ ನಿಲ್ಲಿಸಿದೆ. ಮುಂದಿನ ಡಿಸ್ಕ್ ನೀಲಿಗೆ ತಿರುಗಿತ್ತು. ಹಿಂದಿನ ಡ್ರಮ್ ಬರೀ ಬೆಚ್ಚಗಿತ್ತು.

ಅದೇ ಗ್ಯಾರೇಜಿಗೆ ಹೋದೆ. "ಅಣ್ಣ, ಹಿಂದಕ್ಕೆ ಬ್ರೇಕೇ ಹೋಗ್ತಿಲ್ಲ, ವಾಲ್ವ್ ತಡೀತಿದೆ" ಅಂದವನು ಆ ಕಡ್ಡಿಯನ್ನು ಎತ್ತಿ ತಂತಿ ಬಿಗಿದ. ಹತ್ತು ನಿಮಿಷದ ಕೆಲಸ. ಆಮೇಲೆ ಲೋಡ್ ಇದ್ದಾಗ ಬ್ರೇಕ್ ಭರ್ಜರಿ. ನಾನೂ ಖುಷಿಯಾಗಿ ಇನ್ನಿಬ್ಬರಿಗೆ ಆ ಗ್ಯಾರೇಜ್ ತೋರಿಸಿದೆ, ನೋಡಿ!

ಮಾರ್ಚ್‌ನಲ್ಲಿ ಹೂಮಳೆ ಬಿದ್ದ ದಿನ ಖಾಲಿ ಗಾಡಿಯಲ್ಲಿ ಆಲ್ದೂರಿಗೆ ವಾಪಸ್ ಬರುತ್ತಿದ್ದೆ. ವೇಗ 40 ಇರಬಹುದು. ತಿರುವಿನಲ್ಲಿ ಎದುರಿಗೆ ಬಸ್ಸು. ಬ್ರೇಕ್ ಒತ್ತಿದೆ ಅಷ್ಟೇ, ಹಿಂಭಾಗ ನನ್ನನ್ನು ದಾಟಿ ಮುಂದೆ ಬಂತು. ಗಾಡಿ ಬಂದ ದಾರಿಗೇ ಮುಖ ಮಾಡಿ ಚರಂಡಿಗೆ ಇಳಿದು ನಿಂತಿತು. ಬಸ್ಸಿನ ಡ್ರೈವರ್ ಅಷ್ಟು ಹೊತ್ತಿಗೆ ನಿಲ್ಲಿಸಿದ್ದ. ಅವನ ಪುಣ್ಯ, ನನ್ನ ಪುಣ್ಯ.

ಕಂಪನಿ ಸರ್ವಿಸ್‌ನ ಹಿರಿಯ ಮೆಕ್ಯಾನಿಕ್ ಒಬ್ಬರು ತಂತಿ ನೋಡಿ ತಲೆ ಚಚ್ಚಿಕೊಂಡರು. ಅವರು ಹೇಳಿದ್ದು ಇಷ್ಟು. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಖಾಲಿ ಪಿಕಪ್‌ನ ಹಿಂಭಾಗ ಮೊದಲೇ ಹಗುರ. ಅಲ್ಲಿಗೆ ಜಾಸ್ತಿ ಒತ್ತಡ ಹೋದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ಗಿರಕಿ ಹೊಡೆಯುತ್ತದೆ. ಅದಕ್ಕೇ ಎಲ್‌ಎಸ್‌ಪಿವಿ (ಲೋಡ್ ಸೆನ್ಸಿಂಗ್ ಪ್ರೊಪೋರ್ಷನಿಂಗ್ ವಾಲ್ವ್) ಅನ್ನುವ ಆ ವಾಲ್ವ್. ಲೋಡ್ ಬಿದ್ದು ಚಾಸಿ ತಗ್ಗಿದಾಗ ಕಡ್ಡಿ ಅಲುಗಿ ಹಿಂದಕ್ಕೆ ಹೆಚ್ಚು ಒತ್ತಡ ಬಿಡುತ್ತದೆ, ಖಾಲಿ ಇದ್ದಾಗ ಕಡಿಮೆ ಮಾಡುತ್ತದೆ. ಪಟ್ಟಿ ಹಾಕಿಸಿ ಗಾಡಿ ಎತ್ತರಿಸಿದ್ದರಿಂದ ಮೂಟೆ ತುಂಬಿದ್ದರೂ ವಾಲ್ವ್‌ಗೆ ಗಾಡಿ ಖಾಲಿ ಅನ್ನಿಸಿತ್ತು. ಕೆಲಸವೆಲ್ಲ ಮುಂದಿನ ಬ್ರೇಕಿನ ಮೇಲೆ ಬಿದ್ದು ಬ್ರೇಕ್ ಆಯಿಲ್ ಕುದಿದಿತ್ತು, ಅದರಲ್ಲಿ ಗುಳ್ಳೆ ಎದ್ದು ಪೆಡಲ್ ಒಳಗೆ ಹೋಗಿತ್ತು. ಡಾಟ್ 3 ಆಯಿಲ್ ಹೊಸದಾಗಿದ್ದರೆ 205 ಡಿಗ್ರಿವರೆಗೆ ತಡೆಯುತ್ತದಂತೆ, ನೀರಿನಂಶ ಎಳೆದುಕೊಂಡರೆ 140ಕ್ಕೇ ಕುದಿಯಬಹುದು. ನಾನು ಮೂರು ವರ್ಷ ಬದಲಿಸಿರಲಿಲ್ಲ. ತಂತಿ ಬಿಗಿದ ಮೇಲೆ ಉಲ್ಟಾ, ಖಾಲಿ ಇದ್ದರೂ ಫುಲ್ ಲೋಡ್ ಅನ್ನುವ ಲೆಕ್ಕ.

ಅವರು ಹೆಚ್ಚುವರಿ ಪಟ್ಟಿ ತೆಗೆಸಿದರು. ಡ್ರಮ್ ಲೈನರ್ ಅಡ್ಜಸ್ಟ್ ಮಾಡಿ, ಆಯಿಲ್ ಬದಲಿಸಿ ಏರ್ ತೆಗೆದರು. ಆಮೇಲೆ ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತಿರುವಾಗಲೇ ಮುಂದೆ ಹಿಂದೆ ಎರಡೂ ಲೈನಿಗೆ ಪ್ರೆಷರ್ ಗೇಜ್ ಹಾಕಿ, ಕಂಪನಿ ಪುಸ್ತಕದ ಅಂಕಿಗೆ ಕಡ್ಡಿ ಕೂರಿಸಿದರು. ಚಾಸಿಯನ್ನು ಜಾಕ್ ಮೇಲೆ ಎತ್ತಿ ಹೌಸಿಂಗ್ ನೇತಾಡಿಸಿ ಸೆಟ್ ಮಾಡಿದರೆ ಪೂರ್ತಿ ತಪ್ಪು ಲೆಕ್ಕ ಬರುತ್ತದೆ. ಗೇಜ್ ಇಲ್ಲದೆ ಬರೀ ಕಣ್ಣಳತೆಯಲ್ಲಿ ಕಡ್ಡಿ ಸಡಿಲಿಸುವವರ ಕೈಗೆ ಕೊಡಬೇಡಿ.

ಹಳೇ ಗ್ಯಾರೇಜಿನವನಿಗೆ ಇದನ್ನೆಲ್ಲ ಹೇಳಿದೆ. "ಇನ್ನೂ ಹತ್ತು ಗಾಡಿಗೆ ಹಿಂಗೇ ಕಟ್ಟಿದೀನಿ ಅಣ್ಣ, ಯಾರೂ ಏನೂ ಅಂದಿಲ್ಲ" ಅಂದ. ಆ ಹತ್ತು ಗಾಡಿ ಯಾರವೋ ಗೊತ್ತಿಲ್ಲ. ನಾನು ಕಳಿಸಿದ ಇಬ್ಬರಿಗೆ ಫೋನ್ ಮಾಡಿದೆ. ಒಬ್ಬರ ಗಾಡಿಯಲ್ಲಿ ತಂತಿ ಸಿಕ್ಕಿತು.