ಲೈಟರಿನ ಬ್ಯೂಟೇನೋ, ಫ್ಲಾಸ್ಕಿನ ಅಸಿಟೋನೋ?

ಮೋಲಾರ್ ರಾಶಿ (ವಸ್ತುವಿನ ಒಂದು ಮೋಲ್, ಅಂದರೆ ಅಣುಗಳ ಒಂದು ನಿಗದಿತ ಎಣಿಕೆ, ಎಷ್ಟು ಗ್ರಾಂ ತೂಗುತ್ತದೆ ಎಂಬುದು) ಕಂಡುಹಿಡಿಯಲು ಕಾಲೇಜುಗಳಲ್ಲಿ ಸಾಮಾನ್ಯವಾಗಿ ಮಾಡಿಸುವ ಎರಡು ಪ್ರಯೋಗಗಳನ್ನು ಚಿಕ್ಕಮಗಳೂರಿನ ನಮ್ಮ ಲ್ಯಾಬಿನಲ್ಲಿ ಮಾಡಿ ನೋಡಿದೆ. ಒಂದು, ಲೈಟರಿನ ಬ್ಯೂಟೇನ್ ಅನಿಲವನ್ನು ನೀರು ತುಂಬಿ ಬೋರಲು ಹಾಕಿದ ಜಾಡಿಯಲ್ಲಿ ಹಿಡಿಯುವುದು. ಇನ್ನೊಂದು ಫ್ರೆಂಚ್ ರಸಾಯನಶಾಸ್ತ್ರಜ್ಞ ಡ್ಯೂಮಾನ 1826ರ ವಿಧಾನ: ಫ್ಲಾಸ್ಕಿನಲ್ಲಿ ಅಸಿಟೋನನ್ನು ಆವಿ ಮಾಡಿ ತೂಗುವುದು. ಒಂದು ಮೋಲ್ ಬ್ಯೂಟೇನ್ 58.12 ಗ್ರಾಂ, ಅಸಿಟೋನ್ 58.08. ಬರಬೇಕಾದ ಉತ್ತರ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಹೋಲಿಸಲು ಹೇಳಿ ಮಾಡಿಸಿದ ಜೋಡಿ.

ನನ್ನ ಮತ ಲೈಟರಿಗೆ. ಆದರೆ ಅದಕ್ಕೂ ಮೊದಲು ವಾಯುಭಾರದ ಮಾತು ಆಡಲೇಬೇಕು. ನಮ್ಮೂರು ಸಾವಿರ ಮೀಟರಿಗೂ ಮೇಲಿದೆ; ಇಲ್ಲಿನ ಒತ್ತಡ ಸುಮಾರು 670 ಮಿಮೀ ಪಾದರಸ. ಪುಸ್ತಕದ 760 ಹಾಕಿದರೆ ಯಾವ ವಿಧಾನವೂ ಕೈಕೊಡುತ್ತದೆ. ಮೊಬೈಲಿನ ಹವಾಮಾನ ಆ್ಯಪ್ ತೋರಿಸುವ ಅಂಕಿಯೂ ಬೇಡ, ಅದು ಸಮುದ್ರಮಟ್ಟಕ್ಕೆ ಹೊಂದಿಸಿದ್ದು. ಲ್ಯಾಬಿನ ಬ್ಯಾರೋಮೀಟರ್ ಓದಿ.

ಲೈಟರಿನ ಲೆಕ್ಕ ನೋಡಿ: 24 ಡಿಗ್ರಿಯಲ್ಲಿ 250 ಮಿಲೀ ಅನಿಲ, ಲೈಟರಿನ ತೂಕದಲ್ಲಿ ಇಳಿದದ್ದು 0.50 ಗ್ರಾಂ. ಜಾಡಿಯ ಅನಿಲದಲ್ಲಿ ನೀರಾವಿಯೂ ಬೆರೆತಿರುತ್ತದೆ; 670ರಿಂದ ಅದರ ಒತ್ತಡ 22 ಕಳೆದರೆ ಉತ್ತರ 57.2. ಆವಿ ಒತ್ತಡ ಬಿಟ್ಟರೆ 55ರ ಆಸುಪಾಸು. 670ರ ಬದಲು 760 ಹಾಕಿದರೆ 50! ಲೈಟರಿನಲ್ಲಿ ಸ್ವಲ್ಪ ಪ್ರೊಪೇನ್ ಬೆರೆತಿರುವುದೂ ಉಂಟು, ಆದ್ದರಿಂದ 57 ನನಗೆ ತೃಪ್ತಿಯೇ. ಕಷ್ಟವಿರುವುದು ನೀರಿಗಿಳಿಸಿದ ಲೈಟರನ್ನು ತೂಗುವ ಮೊದಲು ಒಣಗಿಸುವುದರಲ್ಲಿ. ಚಕ್ರದ ಸಂದಿಯಲ್ಲಿ ಒಂದು ಹನಿ ನೀರು ನಿಂತರೂ 0.05 ಗ್ರಾಂ ಏರುಪೇರಾಗುತ್ತದೆ, ಅಂದರೆ ಹತ್ತರಲ್ಲೊಂದು ಪಾಲು. ಲೈಟರನ್ನು ನೀರಿಗಿಳಿಸದೆ ರಬ್ಬರ್ ಕೊಳವೆ ಜೋಡಿಸಿದರೆ ಈ ತಾಪತ್ರಯವೇ ಇಲ್ಲ. ಓದುವ ಮೊದಲು ಜಾಡಿಯ ಒಳಗಿನ, ಹೊರಗಿನ ನೀರಿನ ಮಟ್ಟ ಸಮ ಮಾಡಿ. ಹತ್ತಿರ ಬರ್ನರ್ ಉರಿಯುತ್ತಿರಬಾರದು.

ಡ್ಯೂಮಾ ನೋಡಲು ಚೆಂದ. ಫ್ಲಾಸ್ಕಿನ ಬಾಯಿಗೆ ಮುಚ್ಚಿದ ಫಾಯಿಲಿಗೆ ಸೂಜಿಯಿಂದ ಒಂದು ತೂತು, ಕೆಳಗೆ ಕುದಿಯುವ ನೀರು (ಇಲ್ಲಿ 96.5 ಡಿಗ್ರಿ, 100 ಅಲ್ಲ), ಹೆಚ್ಚಾದ ಆವಿಯೆಲ್ಲ ತೂತಿನಿಂದ ಹೊರಗೆ. ತೊಡಕು ತಣ್ಣಗಾದ ಮೇಲೆ. ಅಸಿಟೋನ್ ಪೂರ್ತಿ ದ್ರವವಾಗುವುದಿಲ್ಲ. ಕೋಣೆಯ ಉಷ್ಣತೆಯಲ್ಲೂ ಅದರ ಆವಿ 200 ಮಿಮೀ ದಾಟಿ ನಿಂತು, ಅಷ್ಟು ಗಾಳಿಯನ್ನು ಫ್ಲಾಸ್ಕಿನಿಂದ ಹೊರಗಿಡುತ್ತದೆ. ಮೊದಲು ತೂಗಿದ ಖಾಲಿ ಫ್ಲಾಸ್ಕಿನಲ್ಲಿ ಆ ಗಾಳಿ ಇತ್ತಲ್ಲ! ಹಾಗಾಗಿ ತೂಕ ಕಡಿಮೆ, ಉತ್ತರವೂ ಕಡಿಮೆ. ಈ ತಿದ್ದುಪಡಿಯನ್ನು ಲ್ಯಾಬ್ ಮ್ಯಾನುಯಲ್‌ನಲ್ಲಿ ಬರೆಯದಿದ್ದರೆ ಮಕ್ಕಳಿಗೆ ಅನ್ಯಾಯ.

ಡ್ಯೂಮಾನೇ ಮಾಡಬೇಕಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ತೆಗೆದುಕೊಳ್ಳಿ. ಕುದಿಯುವುದು 82 ಡಿಗ್ರಿಗೆ, ತಣ್ಣಗಾದಾಗ ಆವಿ ಬಲು ಕಡಿಮೆ. ಉತ್ತರ 60ರ ಹತ್ತಿರ ಬರಬೇಕು.