ಆಡಿಯೋ ಗ್ರೇಡ್ ಫ್ಯೂಸ್: ಆಂಪ್ಲಿಫೈಯರ್‌ನ ದನಿ ಬದಲಾಗುತ್ತದೆಯೇ?

ಚಿನ್ನದ ಲೇಪದ ತುದಿ, ಬೆಳ್ಳಿ ತಂತಿ, ಸೆರಾಮಿಕ್ ಮೈ, ಮೇಲೊಂದು ‘ಈ ದಿಕ್ಕಿಗೇ ಹಾಕಿ’ ಎನ್ನುವ ಬಾಣದ ಗುರುತು. ದನಿ ಚೆನ್ನಾಗುತ್ತದೆ ಎಂದು ಹೇಳಿ ಮಾರುವ ‘ಆಡಿಯೋ ಗ್ರೇಡ್’ ಫ್ಯೂಸುಗಳು ನೋಡಲು ಚೆಂದ, ಬೆಲೆ ಮಾತ್ರ ಮಾಮೂಲಿ ಫ್ಯೂಸಿನ ಹತ್ತಾರು ಪಟ್ಟು. ಪವರ್ ಕಾರ್ಡ್ ಸಿಕ್ಕಿಸುವ ಕಡೆಯ ಮೇನ್ಸ್ ಫ್ಯೂಸಿನ ಜಾಗಕ್ಕೆ ಇದನ್ನು ಹಾಕಿದರೆ ಸಂಗೀತ ಸುಧಾರಿಸುವುದಿಲ್ಲ.

2 ಆಂಪಿಯರ್ ಸ್ಲೋ-ಬ್ಲೋ (ನಿಧಾನಕ್ಕೆ ಹಾರುವ) ಫ್ಯೂಸಿನ ರೋಧ ಕೆಲವು ಹತ್ತು ಮಿಲಿಓಮ್ ಅಷ್ಟೇ. ಗೋಡೆಯೊಳಗಿನ 1.5 ಚದರ ಮಿ.ಮೀ. ತಾಮ್ರದ ವೈರ್ ಮೀಟರಿಗೆ ಸುಮಾರು 12 ಮಿಲಿಓಮ್. ಮೇನ್ ಬೋರ್ಡ್ 20 ಮೀಟರ್ ದೂರವಿದ್ದರೆ ಫೇಸ್, ನ್ಯೂಟ್ರಲ್ ಸೇರಿ 40 ಮೀಟರ್, ಅಂದರೆ ಹತ್ತಿರ ಹತ್ತಿರ ಅರ್ಧ ಓಮ್. ಅದನ್ನು ಹಾಗೇ ಬಿಟ್ಟು ಎರಡು ಸೆಂಟಿಮೀಟರ್ ತಂತಿಗೆ ಬೆಳ್ಳಿ ಹಾಕಿ ಏನು ಉಪಯೋಗ? ಸ್ಪೀಕರಿಗೆ ಕರೆಂಟ್ ಹೋಗುವುದೂ ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿ ಕೆಪ್ಯಾಸಿಟರ್‌ಗಳಲ್ಲಿ ತುಂಬಿಕೊಂಡ ಮೇಲೆ. ಬಾಣದ ಗುರುತಂತೂ ತಮಾಷೆ: 50 ಹರ್ಟ್ಸ್ ಎಸಿ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ.

ಫ್ಯೂಸ್ ಬದಲಿಸಿದಾಗ ಚರಚರ ಸದ್ದು ನಿಜವಾಗಿ ನಿಂತಿದ್ದರೆ ಹೋಲ್ಡರ್ ಕಡೆ ನೋಡಿ. ಕ್ಲಿಪ್ ಸಡಿಲವಾಗಿ, ತುದಿಗೆ ಕಿಲುಬು ಹಿಡಿದಿದ್ದರೆ ಸಂಪರ್ಕ ಬಿಟ್ಟು ಬಿಟ್ಟು ಬರುತ್ತದೆ, ಆ ಜಾಗ ಬಿಸಿಯಾಗುತ್ತದೆ. ಹೊಸ ಫ್ಯೂಸ್ ತುರುಕುವಾಗ ಆ ಕೊಳೆ ಉಜ್ಜಿ ಹೋಗುತ್ತದೆ, ಹೆಸರು ಫ್ಯೂಸಿಗೆ ಬರುತ್ತದೆ. ಪ್ಲಗ್ ಕಿತ್ತು, ಕೆಪ್ಯಾಸಿಟರ್ ಪೂರ್ತಿ ಖಾಲಿಯಾದದ್ದನ್ನು ಮೀಟರಿನಲ್ಲಿ ನೋಡಿ, ಹಳೆಯ ಫ್ಯೂಸನ್ನೂ ಕ್ಲಿಪ್ಪನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಕ್ಲಿಪ್ಪನ್ನು ಚೂರೇ ಚೂರು ಒಳಕ್ಕೆ ಬಾಗಿಸಿ ಅದೇ ಫ್ಯೂಸ್ ಮತ್ತೆ ಹಾಕಿ ಕೇಳಿ.

ಸ್ಪೀಕರ್ ಲೈನಿನಲ್ಲೇ ಫ್ಯೂಸ್ ಇರುವ ಕೆಲವು ಹಳೆಯ ಆಂಪ್ಲಿಫೈಯರ್‌ಗಳ ಮಾತು ಬೇರೆ. ಅಲ್ಲಿ ಬೇಸ್ ಹೊಡೆತಕ್ಕೆ ತಂತಿ ಕಾದು ತಣಿಯುತ್ತಾ ರೋಧ ಏರಿಳಿಯುತ್ತದೆ. ಆಂಪ್ಲಿಫೈಯರ್ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಫೀಡ್‌ಬ್ಯಾಕ್ ಲೂಪಿನ ಹೊರಗೆ ಫ್ಯೂಸ್ ಇದ್ದರೆ ಕೆಳ ಫ್ರೀಕ್ವೆನ್ಸಿಯಲ್ಲಿ ಅಳೆಯಬಹುದಾದಷ್ಟು ಡಿಸ್ಟಾರ್ಷನ್ (ದನಿಯ ವಿಕಾರ) ಬರುತ್ತದೆ. ಅದಕ್ಕೂ ಚಿನ್ನದ ಲೇಪ ಮದ್ದಲ್ಲ. ತಂತಿ ಕಾಯುವುದು ಫ್ಯೂಸಿನ ಹುಟ್ಟುಗುಣ.

ಅಪಾಯವಿರುವುದು ‘ಒಂದು ರೇಟಿಂಗ್ ಮೇಲಿನದು ಹಾಕಿ, ದನಿ ಬಿಚ್ಚಿಕೊಳ್ಳುತ್ತದೆ’ ಎಂಬ ಸಲಹೆಯಲ್ಲಿ. 2 ಆಂಪಿಯರ್ ಜಾಗಕ್ಕೆ 4 ಆಂಪಿಯರ್ ಹಾಕಿದರೆ ದೋಷ ಬಂದಾಗ ಫ್ಯೂಸಿನ ಬದಲು ಟ್ರಾನ್ಸ್‌ಫಾರ್ಮರ್ ಸುಡಬಹುದು. ‘ಟಿ’ ಗುರುತಿನ ಸ್ಲೋ-ಬ್ಲೋ ಬದಲಿಗೆ ಬೇಗ ಹಾರುವ ‘ಎಫ್’ ಹಾಕಿದರೆ ಟೊರಾಯ್ಡಲ್ (ಬಳೆಯಾಕಾರದ) ಟ್ರಾನ್ಸ್‌ಫಾರ್ಮರಿನ ಮೊದಲ ಎಳೆತಕ್ಕೇ, ಸ್ವಿಚ್ ಒತ್ತಿದ ಕೂಡಲೇ ಹಾರಬಹುದು. 32 ವೋಲ್ಟಿನ ವಾಹನದ ಫ್ಯೂಸ್ ಅಂತೂ ಮೇನ್ಸಿಗೆ ಬೇಡವೇ ಬೇಡ.

ಕೊಳ್ಳುವಾಗ ಹಳೆಯದರ ಮೇಲಿನ ಬರಹವನ್ನೇ ನಕಲು ಮಾಡಿ: ಅಳತೆ (5×20 ಅಥವಾ 6.3×32 ಮಿ.ಮೀ.), ಆಂಪಿಯರ್, ಟಿ ಅಥವಾ ಎಫ್, 250 ವೋಲ್ಟ್. ಶಾರ್ಟ್ ಆದಾಗಿನ ಭಾರಿ ಕರೆಂಟನ್ನೂ ಕಡಿಯಬಲ್ಲದು ಎನ್ನುವ ‘ಎಚ್’ ಗುರುತಿದ್ದರೆ ಮರಳು ತುಂಬಿದ ಸೆರಾಮಿಕ್ಕೇ ಬೇಕು, ಗಾಜಿನ ‘ಎಲ್’ ಸಾಲದು. ಲಿಟಲ್‌ಫ್ಯೂಸ್, ಶುರ್ಟರ್‌ನಂಥ ಕಂಪನಿಗಳ ಮಾಮೂಲಿ ಫ್ಯೂಸ್ ಸಾಕು. ಬದಲಿಸಿದ್ದು ಮತ್ತೆ ಹಾರಿ, ಗಾಜು ಒಳಗೆ ಕಪ್ಪಗೆ ಮಸಿ ಹಿಡಿದಿದ್ದರೆ ಎಲ್ಲೋ ಶಾರ್ಟ್ ಇದೆ. ಮೂರನೆಯದನ್ನು ಹಾಕುವ ಮೊದಲು ರೆಕ್ಟಿಫೈಯರ್, ಔಟ್‌ಪುಟ್ ಟ್ರಾನ್ಸಿಸ್ಟರ್ ಪರೀಕ್ಷಿಸಿ.